ಆಟ ಯಾವುದು, ಕ್ರೀಡೆ ಯಾವುದು?

ನಮ್ಮ ಕರಾವಳಿಯಲ್ಲಿ 'ಆಟ' ಎಂಬ ಪದಕ್ಕೆ ವಿಶಾಲವಾದ ಅರ್ಥವಿದೆ. ಹುಡುಗಿಯರು ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದರೂ ಆಟ, ಯುವಕರು ಮೈದಾನದಲ್ಲಿ ಕಬಡ್ಡಿ ಆಡಿದರೂ ಆಟ, ರಾತ್ರಿ ಬಯಲಿನಲ್ಲಿ ಯಕ್ಷಗಾನ ನಡೆದರೆ ಅದೂ ಆಟವೇ. ಶಾಲೆಯ ಆಮಂತ್ರಣ ಪತ್ರದಲ್ಲಿ ಮಾತ್ರ ಅದು 'ಕ್ರೀಡಾಕೂಟ' ಆಗುತ್ತದೆ. ಹಾಗಾದರೆ ಆಟಕ್ಕೂ ಕ್ರೀಡೆಗೂ ಇರುವ ವ್ಯತ್ಯಾಸವೇನು?

ಇದು ಬರೀ ಪದಗಳ ಪ್ರಶ್ನೆಯಲ್ಲ. ಕ್ರೀಡೆ ಎಂದು ಹೆಸರು ಪಡೆದದ್ದಕ್ಕೆ ಮೈದಾನ, ತರಬೇತಿ, ಬಹುಮಾನ, ಕೆಲವೊಮ್ಮೆ ಉದ್ಯೋಗವೂ ದೊರೆಯುತ್ತದೆ. ಆಟವಾಗಿಯೇ ಉಳಿದದ್ದನ್ನು ನಾವು 'ಇನ್ನು ಸಾಕು, ದೊಡ್ಡವಳಾದೆ' ಎಂದು ನಿಲ್ಲಿಸಿಬಿಡುತ್ತೇವೆ. ಹೀಗೆ ನಿಂತುಹೋಗುವುದು ಹೆಚ್ಚಾಗಿ ಹೆಣ್ಣುಮಕ್ಕಳ ಆಟ.

ನಾಲ್ಕು ಲಕ್ಷಣಗಳು

ಕೆನಡಾದಲ್ಲಿ ಅಧ್ಯಾಪಕರಾಗಿದ್ದ ತತ್ವಶಾಸ್ತ್ರಜ್ಞ ಬರ್ನಾರ್ಡ್ ಸೂಟ್ಸ್ 1970ರ ದಶಕದಲ್ಲಿ ಈ ಬಗ್ಗೆ ಆಳವಾಗಿ ಯೋಚಿಸಿದರು. ಅವರ ಪ್ರಕಾರ, ಅಗತ್ಯವಿಲ್ಲದ ಒಂದು ಅಡ್ಡಿಯನ್ನು ನಾವಾಗಿಯೇ ಒಪ್ಪಿಕೊಂಡು ಅದನ್ನು ದಾಟಲು ಯತ್ನಿಸುವುದೇ ಆಟ. ಕುಂಟೆಬಿಲ್ಲೆಯನ್ನೇ ನೋಡಿ. ಎರಡು ಕಾಲಿನಲ್ಲಿ ನಡೆದರೆ ಆ ಚೌಕಗಳನ್ನು ದಾಟುವುದು ಎಷ್ಟು ಹೊತ್ತಿನ ಕೆಲಸ! ಆದರೂ ಒಂದೇ ಕಾಲಿನಲ್ಲಿ ಕುಂಟಬೇಕೆಂದು ನಾವೇ ನಿಯಮ ಮಾಡಿಕೊಳ್ಳುತ್ತೇವೆ. ಆಟದ ಮಜಾ ಇರುವುದೇ ಅಲ್ಲಿ.

ಇಂತಹ ಆಟ ಕ್ರೀಡೆಯಾಗಲು ನಾಲ್ಕು ಲಕ್ಷಣಗಳಿರಬೇಕೆಂದು ಸೂಟ್ಸ್ ಹೇಳಿದರು. ಅದರಲ್ಲಿ ಅದೃಷ್ಟಕ್ಕಿಂತ ಕೌಶಲ ಮುಖ್ಯವಾಗಿರಬೇಕು. ಆ ಕೌಶಲ ದೇಹದ್ದಾಗಿರಬೇಕು. ಅದನ್ನು ಬಹಳ ಜನ ಅನುಸರಿಸುತ್ತಿರಬೇಕು. ಮತ್ತು ಅದು ಕಾಲಕ್ರಮದಲ್ಲಿ ಗಟ್ಟಿಯಾಗಿ ನೆಲೆ ನಿಂತಿರಬೇಕು. ಹಾವು-ಏಣಿಯಾಟ ಮೊದಲನೆಯ ಪರೀಕ್ಷೆಯಲ್ಲೇ ಸೋಲುತ್ತದೆ. ಅಲ್ಲಿ ದಾಳ ಬಿದ್ದಂತೆ ನಡೆಯುವುದಷ್ಟೇ.

ಅಂಗಳದಿಂದ ಏಷ್ಯನ್ ಗೇಮ್ಸಿಗೆ

ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ಕಡೆಯ ಕೊಯಿಲ, ಆತೂರು, ರಾಮಕುಂಜದಂತಹ ಊರುಗಳಲ್ಲಿ ಕಬಡ್ಡಿ ಗೊತ್ತಿಲ್ಲದವರು ಯಾರಿದ್ದಾರೆ? ಮಣ್ಣಿನಲ್ಲೊಂದು ಗೆರೆ ಎಳೆದರೆ ಸಾಕು, ಚೆಂಡು ಬೇಡ, ಬ್ಯಾಟು ಬೇಡ. ಎಷ್ಟು ಜನ ಸೇರಿದರೋ ಅಷ್ಟೇ ಜನರ ತಂಡ. ಅದೇ ಕಬಡ್ಡಿ ಕ್ರೀಡೆಯಾದಾಗ ಎಲ್ಲವೂ ಅಳತೆಗೆ ಬಂತು. ತಂಡಕ್ಕೆ 7 ಮಂದಿ, ಒಂದು ದಾಳಿಗೆ 30 ಸೆಕೆಂಡು, ಮಹಿಳೆಯರ ಅಂಕಣ 12 ಮೀಟರ್ ಉದ್ದ ಮತ್ತು 8 ಮೀಟರ್ ಅಗಲ. ನಿರ್ಣಾಯಕರೂ ಬಂದರು. ಕೊಯಿಲದ ಹುಡುಗಿಯೂ ಟೆಹರಾನಿನ ಹುಡುಗಿಯೂ ಒಂದೇ ನಿಯಮದಲ್ಲಿ ಆಡುವಂತಾಯಿತು.

ಏಷ್ಯನ್ ಗೇಮ್ಸಿನಲ್ಲಿ ಪುರುಷರ ಕಬಡ್ಡಿ 1990ರಲ್ಲಿ ಸೇರಿತು. ಮಹಿಳೆಯರು 2010ರ ತನಕ, ಅಂದರೆ ಇಪ್ಪತ್ತು ವರ್ಷ ಕಾಯಬೇಕಾಯಿತು. ಅಂದು ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ಪಕ್ಕದ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಇದ್ದರು. 2014ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 2018ರಲ್ಲಿ ಜಕಾರ್ತದಲ್ಲಿ ಭಾರತವನ್ನು 27-24ರಿಂದ ಸೋಲಿಸಿ ಚಿನ್ನ ಗೆದ್ದವರು ತಲೆವಸ್ತ್ರ ಧರಿಸಿದ ಇರಾನಿನ ಯುವತಿಯರು. ಅವರಿಗೆ ತರಬೇತಿ ಕೊಟ್ಟವರು ಮಹಾರಾಷ್ಟ್ರದ ಶೈಲಜಾ ಜೈನ್!

ಚೆನ್ನೆಮಣೆ, ಚದುರಂಗ, ಕಂಬಳ

ಆದರೆ ಎಲ್ಲವೂ ಇಷ್ಟು ಸರಳವಲ್ಲ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆಯ ಹೆಂಗಸರು ಆಡುತ್ತಿದ್ದ ಚೆನ್ನೆಮಣೆಯಲ್ಲಿ 14 ಗುಳಿಗಳು. ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಕಾಯಿ ಹಾಕಿದರೆ ಒಟ್ಟು 56. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಬೇಕು. ಚದುರಂಗಕ್ಕೂ ಬೇಕಾದದ್ದು ಇಂತಹ ಮುಂದಾಲೋಚನೆಯೇ. ಎರಡರಲ್ಲೂ ಮೈ ಬೆವರುವುದಿಲ್ಲ. ಹೀಗಿದ್ದೂ ಚದುರಂಗದ ವಿಶ್ವ ಸಂಸ್ಥೆಗೆ 1999ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿತು. ಚೆನ್ನೆಮಣೆ ಅಟ್ಟ ಸೇರಿತು. ಚದುರಂಗಕ್ಕೆ ಒಂದು ಸಂಘಟನೆ ಇತ್ತು, ಬರೆದಿಟ್ಟ ನಿಯಮಗಳಿದ್ದವು. ಚೆನ್ನೆಮಣೆಯ ನಿಯಮ ಅಜ್ಜಿಯ ಬಾಯಲ್ಲಿತ್ತು.

ಇನ್ನು ಕಂಬಳ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ, ಅದನ್ನು 100 ಮೀಟರಿಗೆ ಭಾಗಿಸಿ ಉಸೇನ್ ಬೋಲ್ಟರ 9.58 ಸೆಕೆಂಡಿನ ದಾಖಲೆಯನ್ನೇ ಮೀರಿಸಿದರೆಂದು ದೇಶವೆಲ್ಲ ಕೊಂಡಾಡಿತು. ಪ್ರಾಯೋಗಿಕ ಓಟಕ್ಕೆ ಕರೆಯೂ ಬಂತು. ಗೌಡರು ಹೋಗಲಿಲ್ಲ. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದರು. ಅದು ವಿವೇಕದ ಮಾತು. ಕೆಸರುಗದ್ದೆಯಲ್ಲಿ ಓಟಗಾರನನ್ನು ಕೋಣಗಳು ಎಳೆಯುತ್ತವೆ. ಬೋಲ್ಟರನ್ನು ಯಾರೂ ಎಳೆಯಲಿಲ್ಲ. ಗಡಿಯಾರ ಒಂದೇ ಆದರೆ ಸಾಲದು, ಪಂದ್ಯವೂ ಒಂದೇ ಆಗಿರಬೇಕು.

ಗೆರೆ ಎಳೆಯುವವರು ಮನುಷ್ಯರು

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕ್ರೀಡೆಯ ಗೆರೆಯನ್ನು ಎಳೆದವರು ಮನುಷ್ಯರು, ಅಳಿಸಿ ಮತ್ತೆ ಎಳೆಯಬಲ್ಲವರೂ ಅವರೇ. 2011ರಲ್ಲಿ ತಲೆವಸ್ತ್ರದ ಕಾರಣಕ್ಕೆ ಇರಾನಿನ ಮಹಿಳಾ ಫುಟ್ಬಾಲ್ ತಂಡಕ್ಕೆ ಒಲಿಂಪಿಕ್ ಅರ್ಹತಾ ಪಂದ್ಯ ಆಡಲು ಬಿಡಲಿಲ್ಲ. 2014ರಲ್ಲಿ ಆ ನಿಯಮ ಬದಲಾಯಿತು. 2017ರಲ್ಲಿ ಬಾಸ್ಕೆಟ್ಬಾಲಿನಲ್ಲೂ ಬದಲಾಯಿತು. 2023ರ ಮಹಿಳಾ ವಿಶ್ವಕಪ್ಪಿನಲ್ಲಿ ಮೊರೊಕ್ಕೊದ ನುಹೈಲಾ ಬೆಂಝೀನಾ ತಲೆವಸ್ತ್ರ ಧರಿಸಿಯೇ ಆಡಿದರು.

ಪದಕವಿಲ್ಲದಿದ್ದರೂ ಆಡಲಿ

ಹಾಗೆಂದು ಎಲ್ಲ ಮಕ್ಕಳೂ ಕ್ರೀಡಾಪಟುಗಳಾಗಬೇಕಿಲ್ಲ. ಕ್ರೀಡೆ ಆರಿಸುತ್ತದೆ, ಸೋತವರನ್ನು ಹೊರಗಿಡುತ್ತದೆ. ಆಟಕ್ಕೆ ಯಾರು ಬಂದರೂ ಜಾಗವಿದೆ. ಪ್ರವಾದಿವರ್ಯರು(ಸ) ಮತ್ತು ಹ. ಆಯಿಶಾ(ರ) ಪ್ರಯಾಣದ ನಡುವೆ ಓಟದ ಪಂದ್ಯ ನಡೆಸಿದ ಪ್ರಸಂಗ ನಮಗೆಲ್ಲ ಗೊತ್ತು. ಮೊದಲ ಸಲ ಆಯಿಶಾ ಗೆದ್ದರು, ಇನ್ನೊಮ್ಮೆ ಪ್ರವಾದಿವರ್ಯರು ಗೆದ್ದು, ಅಂದಿನದಕ್ಕೆ ಇದು ಸಮವಾಯಿತೆಂದರು. ಅಲ್ಲಿ ಪದಕವಿರಲಿಲ್ಲ, ಸಂತೋಷವಿತ್ತು.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಸಬೇಕೆನ್ನುತ್ತದೆ. ಅದು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗರಲ್ಲಿ ಶೇ. 78 ಮಂದಿ, ಹುಡುಗಿಯರಲ್ಲಿ ಶೇ. 85 ಮಂದಿ ಅಷ್ಟು ದಣಿಯುವುದಿಲ್ಲ. ಬೆಳೆಯುವ ಎಲುಬು, ಸ್ನಾಯು, ಹೃದಯಕ್ಕೆ ಓಟ ಬೇಕು. ಅದು ಆಟವೋ ಕ್ರೀಡೆಯೋ ಎಂದು ದೇಹ ಕೇಳುವುದಿಲ್ಲ.

ಆದ್ದರಿಂದ ಮಗಳು ಹೈಸ್ಕೂಲಿಗೆ ಹೋದ ಕೂಡಲೇ ಅವಳ ಆಟ ನಿಲ್ಲದಿರಲಿ. ಸಂಜೆ ಅಂಗಳದಲ್ಲಿ ಹಗ್ಗ ಜಿಗಿಯಲಿ, ಅಕ್ಕ-ತಂಗಿಯರ ಜೊತೆ ಶಟಲ್ ಆಡಲಿ. ಅಡಿಗೆ ಮನೆಯ ಕೆಲಸ ಸ್ವಲ್ಪ ತಡವಾದರೂ ಚಿಂತೆಯಿಲ್ಲ, ತಾಯಿಯೂ ಜೊತೆಗೂಡಲಿ. ಅವಳಲ್ಲಿ ವಿಶೇಷ ಸಾಮರ್ಥ್ಯ ಕಂಡರೆ ಶಾಲೆಯ ದೈಹಿಕ ಶಿಕ್ಷಕರನ್ನು ಒಮ್ಮೆ ಭೇಟಿಯಾಗಿ ಮಾತಾಡಿ. ಇನ್ನು ಮಳೆಗಾಲ ಬಂದಾಗ ಅಟ್ಟದ ಮೇಲಿನ ಚೆನ್ನೆಮಣೆಯನ್ನೂ ಕೆಳಗಿಳಿಸಿ. ಆ ಲೆಕ್ಕ ಕಲಿಸಬಲ್ಲ ಅಜ್ಜಿಯಂದಿರು ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ.