ಪೆನ್ಸಿಲ್ ತಿರುಗಿಸಿದ್ದು ಯಾರು?

ಬಿಳಿ ಹಾಳೆಯ ಮೇಲೆ ಕೂಡಿಸುವ ಚಿಹ್ನೆಯಂತೆ ಎರಡು ಗೆರೆ. ಅದರಿಂದಾದ ನಾಲ್ಕು ಮನೆಗಳಲ್ಲಿ ಮೂಲೆಯಿಂದ ಮೂಲೆಗೆ ಎರಡು ‘ಹೌದು’, ಎರಡು ‘ಇಲ್ಲ’. ಗೆರೆಗಳ ಮೇಲೆ ಒಂದರ ಮೇಲೊಂದು ಅಡ್ಡಲಾಗಿ ಎರಡು ಪೆನ್ಸಿಲ್. ಸುತ್ತಲೂ ತಲೆಗೆ ತಲೆ ತಾಗಿಸಿ ಕುಳಿತ ಮಕ್ಕಳು. ‘ಚಾರ್ಲಿ, ಚಾರ್ಲಿ, ಇಲ್ಲಿದ್ದೀಯಾ?’ ಎಂಬ ಪ್ರಶ್ನೆ. ಒಂದು ಕ್ಷಣ ಮೌನ. ಮೇಲಿನ ಪೆನ್ಸಿಲ್ ಮೆಲ್ಲಗೆ ತಿರುಗಿ ‘ಹೌದು’ ಎಂಬ ಮನೆಯತ್ತ ಮುಖ ಮಾಡುತ್ತದೆ. ಕಿಟಾರನೆ ಕಿರುಚಿ ಎಲ್ಲರೂ ಓಟ!

2015ರ ಮೇ ತಿಂಗಳಲ್ಲಿ ಈ ಆಟ ಇಂಟರ್‌ನೆಟ್ ಮೂಲಕ ಹತ್ತಾರು ದೇಶಗಳ ಶಾಲೆಗಳಿಗೆ ಹಬ್ಬಿತು. ಚಾರ್ಲಿ ಮೆಕ್ಸಿಕೋ ದೇಶದ ಭೂತವೆಂಬ ಕಥೆಯೂ ಜೊತೆಗೇ ಬಂತು. ಆದರೆ ಮೆಕ್ಸಿಕೋದ ಜನಪದ ಕಥೆಗಳಲ್ಲಿ ಇಂಥ ಹೆಸರಿನ ಭೂತವೇ ಇಲ್ಲ. ಚಾರ್ಲಿ ಎಂಬುದು ಇಂಗ್ಲಿಷ್ ಹೆಸರು. ಅಲ್ಲಿನ ಜನರ ಮಾತು ಸ್ಪ್ಯಾನಿಷ್!

ಭೂತ ಸುಳ್ಳಾದರೂ ಭಯ ಸುಳ್ಳಲ್ಲ. ಕೊಲಂಬಿಯಾದ ತುಂಜಾ ಎಂಬ ಊರಿನಲ್ಲಿ ಈ ಆಟವಾಡಿದ ನಾಲ್ವರು ವಿದ್ಯಾರ್ಥಿಗಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತೆಂದೂ, ವೈದ್ಯರು ಅದನ್ನು ಸಮೂಹ ಸನ್ನಿ ಎಂದು ಗುರುತಿಸಿದರೆಂದೂ ಆಗ ವರದಿಯಾಯಿತು. ಒಬ್ಬರ ಹೆದರಿಕೆ ಪಕ್ಕದವರಿಗೆ ಅಂಟುವುದೇ ಸಮೂಹ ಸನ್ನಿ.

ಹಾಗಾದರೆ ಪೆನ್ಸಿಲ್ ತಿರುಗುವುದೇಕೆ? ಉತ್ತರ ಶಾಲೆಯ ಪಾಠದಲ್ಲೇ ಇದೆ. ಆರು ಮುಖದ ಪೆನ್ಸಿಲ್‌ಗಳೆರಡು ಅಡ್ಡಲಾಗಿ ಕೂತಾಗ ಅವು ಪರಸ್ಪರ ತಾಗುವುದು ಕೆಲವೇ ಮಿಲಿಮೀಟರ್ ಅಗಲದ ಜಾಗದಲ್ಲಿ. ತಿರುಗದಂತೆ ತಡೆಯುವ ಘರ್ಷಣೆ ಇರುವುದೂ ಅಲ್ಲಿ ಮಾತ್ರ. ಪೆನ್ಸಿಲ್‌ನ ತುದಿಯಾದರೋ ಆ ಜಾಗದಿಂದ ಎಂಟು ಸೆಂಟಿಮೀಟರ್ ದೂರ. ಸನ್ನೆಯ ತತ್ವದಂತೆ, ದೂರ ಹೆಚ್ಚಿದಷ್ಟೂ ಸಣ್ಣ ಬಲವೇ ಸಾಕು. ಪೆನ್ಸಿಲ್‌ನ ತೂಕ ಐದಾರು ಗ್ರಾಂ ಎಂದಿಟ್ಟು ಲೆಕ್ಕ ಹಾಕಿದರೆ, ತುದಿಯಲ್ಲಿ ಒಂದೆರಡು ಅಕ್ಕಿ ಕಾಳಿನ ತೂಕದಷ್ಟು ಬಲ ಬಿದ್ದರೂ ಅದು ತಿರುಗೀತು. ಅಷ್ಟು ಬಲ ಉಸಿರಿಗಿದೆ. ಪ್ರಶ್ನೆ ಕೇಳುವಾಗ, ಬಿಗಿಹಿಡಿದ ಉಸಿರನ್ನು ಬಿಡುವಾಗ ಗಾಳಿ ಹೋಗುವುದು ನೇರ ಪೆನ್ಸಿಲ್‌ನತ್ತಲೇ. ಮೇಜಿನ ಅಲುಗಾಟ, ಮೇಲೆ ತಿರುಗುವ ಫ್ಯಾನು ಬೇರೆ.

ಇನ್ನು ಉತ್ತರದ ಚಮತ್ಕಾರ ನೋಡಿ. ಪೆನ್ಸಿಲ್ ಒಂದು ದಿಕ್ಕಿಗೆ ತಿರುಗಿದರೆ ಎರಡೂ ತುದಿ ‘ಹೌದು’ ಎನ್ನುತ್ತವೆ. ಇನ್ನೊಂದು ದಿಕ್ಕಿಗೆ ತಿರುಗಿದರೆ ಎರಡೂ ‘ಇಲ್ಲ’. ‘ಇಲ್ಲಿದ್ದೀಯಾ?’ ಎಂದಾಗ ‘ಇಲ್ಲ’ ಎಂದು ಬಂದರೂ ಮಕ್ಕಳು ಬೆಚ್ಚುತ್ತಾರೆ. ಇಲ್ಲವೆಂದು ಹೇಳಿದ್ದಾದರೂ ಯಾರು! ಹೇಗೆ ಬಿದ್ದರೂ ಭೂತಕ್ಕೇ ಗೆಲುವು.

ಇಂಥ ಒಗಟನ್ನು ಬಿಡಿಸಿದ ಹಿರಿಯ ವಿಜ್ಞಾನಿ ಮೈಕೆಲ್ ಫ್ಯಾರಡೆ. 1853ರಲ್ಲಿ ಲಂಡನ್ನಿನಲ್ಲಿ, ನಾಲ್ಕಾರು ಜನ ಮೇಜಿನ ಮೇಲೆ ಕೈಯಿಟ್ಟು ಕುಳಿತರೆ ಆತ್ಮಗಳು ಬಂದು ಅದನ್ನು ತಿರುಗಿಸುತ್ತವೆ ಎಂಬ ನಂಬಿಕೆ ಜೋರಾಗಿತ್ತು. ಫ್ಯಾರಡೆ ಯಾರನ್ನೂ ಹಳಿಯಲಿಲ್ಲ. ಕೈಗೂ ಮೇಜಿಗೂ ನಡುವೆ ಜಾರಬಲ್ಲ ಪದರಗಳನ್ನಿಟ್ಟರು. ಮೊದಲು ಜರುಗಿದ್ದು ಮೇಜಲ್ಲ, ಕೈ! ಕೈಯ ಚಲನೆ ತೋರುವ ಸೂಚಿಯನ್ನು ಕುಳಿತವರ ಕಣ್ಣೆದುರೇ ಇಟ್ಟಾಗ ಮೇಜು ತಿರುಗುವುದೇ ನಿಂತಿತು. ಅವರು ಮೋಸಗಾರರಲ್ಲ, ತಮಗರಿವಿಲ್ಲದೆಯೇ ಮೇಜನ್ನು ತಳ್ಳುತ್ತಿದ್ದರು. ತಮಗರಿವಿಲ್ಲದೆಯೇ ಪೆನ್ಸಿಲ್‌ಗೆ ಉಸಿರು ತಾಗಿಸುವ ಮಕ್ಕಳೂ ಹಾಗೆಯೇ.

ಮಕ್ಕಳು ಹೆದರಿ ಮನೆಗೆ ಬಂದರೆ ತಂದೆ–ತಾಯಂದಿರು ಬೈಯುವುದರಿಂದ, ಬರೀ ನಿಷೇಧಿಸುವುದರಿಂದ ಭಯ ಹೋಗದು. ಏನೋ ಇದ್ದೇ ಇದೆ, ಅದಕ್ಕೇ ಬೇಡವೆನ್ನುತ್ತಾರೆ ಎಂಬ ಗುಮಾನಿ ಬಲಿಯುತ್ತದೆ. ಅದರ ಬದಲು ಜೊತೆಗೆ ಕುಳಿತು ಒಂದು ಪ್ರಯೋಗ ಮಾಡಿಸಿ. ಫ್ಯಾನು ನಿಲ್ಲಿಸಿ. ಅಲುಗದ ನೆಲದ ಮೇಲೆ ಪೆನ್ಸಿಲ್‌ಗಳನ್ನಿಟ್ಟು, ಅವುಗಳಿಗೆ ತಾಗದಂತೆ ದೊಡ್ಡ ಗಾಜಿನ ಪಾತ್ರೆಯೊಂದನ್ನು ಕವುಚಿ ಹಾಕಿ. ಹತ್ತು ಬಾರಿ ಚಾರ್ಲಿಯನ್ನು ಕರೆಯಲಿ. ಪ್ರತಿ ಬಾರಿಯ ಫಲಿತಾಂಶವನ್ನೂ ಬರೆದಿಡಲಿ. ಬಳಿಕ ಪಾತ್ರೆ ತೆಗೆದು ಮತ್ತೆ ಹತ್ತು ಬಾರಿ. ಕೊನೆಗೆ ಮಾತೇ ಆಡದೆ, ಪಕ್ಕದಿಂದ ಮೆಲ್ಲಗೆ ಉಸಿರು ಬಿಡಲಿ. ಮೂರೂ ಲೆಕ್ಕ ಹೋಲಿಸಿ ನೋಡಲಿ.

ಗೋಡೆ ದಾಟಿ ಬರುವ ಭೂತಕ್ಕೆ ಗಾಜು ಅಡ್ಡಿಯಾಗಬಾರದಷ್ಟೆ? ಅಡ್ಡಿಯಾಗುವುದು ಗಾಳಿಗೆ ಮಾತ್ರ. ದೊಡ್ಡವರು ಹೇಳಿದರೆಂದು ಭಯ ಬಿಡುವುದಕ್ಕಿಂತ ತಾನೇ ಮಾಡಿ ನೋಡಿ ಭಯ ಬಿಟ್ಟ ಮಗು, ನಾಳೆ ಇನ್ನೊಂದು ಹೆಸರಿನ ಭೂತ ಬಂದಾಗಲೂ ಓಡದು. ಪೆನ್ಸಿಲ್ ಹಿಡಿದು ಲೆಕ್ಕ ಬರೆಯಲು ಕೂರುತ್ತದೆ.