ನೆಲಕ್ಕೂ ದೇಹಕ್ಕೂ ಒಂದೇ ಚಿಕಿತ್ಸೆ

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ದುಡಿದರೆ ಹೊಟ್ಟೆ ತುಂಬುತ್ತದೆ ಎಂಬುದು ಅದರ ಸಾಮಾನ್ಯ ಅರ್ಥ. ಆದರೆ ದುಡಿದವನ ದೇಹ, ಅವನು ದುಡಿದ ನೆಲ, ಇವೆರಡರ ಆರೋಗ್ಯವೂ ಏಕಕಾಲದಲ್ಲಿ ಸುಧಾರಿಸಬಲ್ಲದೆಂಬುದನ್ನು ಒಂದು ರಾಷ್ಟ್ರವೇ ಪ್ರಯೋಗ ಮಾಡಿ ಕಂಡುಕೊಂಡ ನಿದರ್ಶನ ಅಮೆರಿಕದ ಇತಿಹಾಸದಲ್ಲಿದೆ.

ಹುಟ್ಟಿನ ಹಿನ್ನೆಲೆ

1929ರಲ್ಲಿ ಅಮೆರಿಕದ ಷೇರು ಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ಆರಂಭವಾಯಿತು. 1933ರ ವೇಳೆಗೆ ಹೆಚ್ಚುಕಡಿಮೆ ನಾಲ್ವರು ಕೆಲಸಗಾರರಲ್ಲಿ ಒಬ್ಬನು ನಿರುದ್ಯೋಗಿಯಾಗಿದ್ದನು. ನೆಲದ ಸ್ಥಿತಿಯೂ ಶೋಚನೀಯವಾಗಿತ್ತು. ಮಿತಿಯಿಲ್ಲದೆ ಕಾಡು ಕಡಿದುದರಿಂದ ಬೆಟ್ಟಗಳು ಬೋಳಾಗಿ, ಫಲವತ್ತಾದ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುತ್ತಿತ್ತು. ಆ ವರ್ಷದ ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಈ ಎರಡು ರೋಗಗಳಿಗೂ ಒಂದೇ ಔಷಧವನ್ನು ಸೂಚಿಸಿದರು. ಮಾರ್ಚ್ 31ರಂದು ಶಾಸನಕ್ಕೆ ಸಹಿಯಾಯಿತು; ಏಪ್ರಿಲ್ 17ರಂದು ವರ್ಜೀನಿಯದ ಕಾಡಿನಲ್ಲಿ ಮೊದಲ ಶಿಬಿರ ತೆರೆಯಿತು. ಇದೇ 'ಸಿವಿಲಿಯನ್ ಕನ್ಸರ್ವೇಷನ್ ಕೋರ್', ಎಂದರೆ ನಾಗರಿಕ ಸಂರಕ್ಷಣಾ ದಳ.

ಆರಂಭದಲ್ಲಿ 18ರಿಂದ 25 ವಯಸ್ಸಿನ, ಬಡ ಕುಟುಂಬಗಳ ಅವಿವಾಹಿತ ತರುಣರನ್ನು ಸೇರಿಸಿಕೊಳ್ಳಲಾಯಿತು. ಸೇವಾವಧಿ ಆರು ತಿಂಗಳು. ಬೇಕಾದರೆ ಎರಡು ವರ್ಷದವರೆಗೂ ಮುಂದುವರಿಯಬಹುದಾಗಿತ್ತು. ಸಂಬಳ ತಿಂಗಳಿಗೆ 30 ಡಾಲರು. ಅದರಲ್ಲಿ ಸುಮಾರು 25 ಡಾಲರು ನೇರವಾಗಿ ತಂದೆತಾಯಿಗಳಿಗೆ ತಲಪುತ್ತಿತ್ತು. ತರುಣನ ಕೈಗೆ ಉಳಿಯುತ್ತಿದ್ದುದು ಐದು ಡಾಲರು ಮಾತ್ರ. ಹೊಸ ನಗರದ ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಒಟ್ಟಿಗಿದ್ದು, ತಿಂಗಳು ತಪ್ಪದೆ ಊರಿಗೆ ಮನಿಯಾರ್ಡರು ಕಳುಹಿಸಿದ ಹಿರಿಯ ತಲೆಮಾರಿನ ಕನ್ನಡಿಗರಿಗೆ ಈ ಏರ್ಪಾಡಿನ ಮರ್ಮವನ್ನು ವಿವರಿಸಿ ಹೇಳಬೇಕಾಗಿಲ್ಲ.

ರಾಜ್ಯೋದ್ಯಾನಗಳ ನಿರ್ಮಾಣ

ಶಿಬಿರವೊಂದರಲ್ಲಿ ಸುಮಾರು 200 ಮಂದಿ. ವಸತಿ, ಊಟ, ಶಿಸ್ತು ಸೈನ್ಯದ ಹೊಣೆ. ಕೆಲಸದ ಮೇಲ್ವಿಚಾರಣೆ ಅರಣ್ಯ ಮತ್ತು ಉದ್ಯಾನ ಇಲಾಖೆಗಳದು. 1942ರಲ್ಲಿ ದಳವು ಮುಚ್ಚುವ ಹೊತ್ತಿಗೆ ಸುಮಾರು 30 ಲಕ್ಷ ತರುಣರು ಅದರಲ್ಲಿ ದುಡಿದು, 200 ಕೋಟಿಗೂ ಹೆಚ್ಚು ಸಸಿಗಳನ್ನು ನೆಟ್ಟಿದ್ದರು.

ರಾಜ್ಯೋದ್ಯಾನಗಳ ನಿರ್ಮಾಣವು ದಳದ ಇನ್ನೊಂದು ಮಹತ್ಕಾರ್ಯ. ಇವು ನಗರದ ಹೂದೋಟಗಳಂಥವಲ್ಲ; ಆಯಾ ರಾಜ್ಯ ಸರ್ಕಾರವು ಜನರ ವಿಹಾರಕ್ಕೆಂದು ಕಾಯ್ದಿರಿಸಿದ ಕಾಡು, ಬೆಟ್ಟ, ಕೆರೆಗಳ ವಿಶಾಲ ಪ್ರದೇಶಗಳು. ಟೆಕ್ಸಾಸಿನ ಬ್ಯಾಸ್ಟ್ರಾಪ್ ಇವುಗಳಲ್ಲೊಂದು. ಅಲ್ಲಿನ ತರುಣರು ಸ್ಥಳೀಯ ಮರಳುಗಲ್ಲನ್ನು ಕಡಿದು, ಮರ ಕೊಯ್ದು, ನೆಲದಿಂದಲೇ ಮೊಳೆತಂತೆ ಕಾಣುವ ಕುಟೀರಗಳನ್ನು ಕಟ್ಟಿದರು. ಅಲ್ಲಿನ ಮರಗೆಲಸದ ಶಾಲೆಯಿಂದ ಬೇರೆ ಉದ್ಯಾನಗಳಿಗೂ ಕುರ್ಚಿ ಮೇಜುಗಳು ಹೋದವು. ಗುದ್ದಲಿಯನ್ನೇ ಹಿಡಿಯದ ಪಟ್ಟಣದ ಹುಡುಗರು ಸ್ಥಳೀಯ ಕುಶಲಕರ್ಮಿಗಳ ಕೈಕೆಳಗೆ ಕಲ್ಲುಕುಟಿಗರೂ ಬಡಗಿಗಳೂ ಆದರು.

ದೇಹದಲ್ಲಾದ ಬದಲಾವಣೆ

ಶಿಬಿರಕ್ಕೆ ಬಂದವರಲ್ಲಿ ಅನೇಕರು ಅರೆಹೊಟ್ಟೆಯಲ್ಲಿ ಬೆಳೆದವರು. ಅವರಿಗೆ ಮೊದಲು ವೈದ್ಯಪರೀಕ್ಷೆ, ಬಳಿಕ ವಿಷಮಶೀತ ಜ್ವರ ಮತ್ತು ಸಿಡುಬಿನ ವಿರುದ್ಧ ಲಸಿಕೆ. ದಿನಕ್ಕೆ ಮೂರು ಹೊತ್ತು ಹೊಟ್ಟೆತುಂಬ ಊಟ, ವಾರಕ್ಕೆ 40 ಗಂಟೆ ಬಯಲಿನ ಕೆಲಸ, ಸಂಜೆ ಆಟ ಪಾಠ, ರಾತ್ರಿ ನಿಯತವಾದ ನಿದ್ರೆ. ಕೆಲವೇ ತಿಂಗಳುಗಳಲ್ಲಿ ಅವರ ತೂಕ ಹೆಚ್ಚಿತು. ಅಕ್ಷರವರಿಯದ ಸಾವಿರಾರು ಮಂದಿ ಓದು ಬರಹ ಕಲಿತರು.

ಈ ಲಾಭ ತಾತ್ಕಾಲಿಕವಾಗಿರಲಿಲ್ಲ. ಕೊಲೊರಾಡೊ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳ ಹಳೆಯ ಸೇವಾ ದಾಖಲೆಗಳನ್ನು ಇತ್ತೀಚಿನ ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದ್ದಾರೆ. ಹೆಚ್ಚು ಕಾಲ ಸೇವೆ ಸಲ್ಲಿಸಿದವರು ಹೆಚ್ಚು ಎತ್ತರ ಬೆಳೆದುದೂ, ಹೆಚ್ಚು ಕಾಲ ಬದುಕಿದುದೂ ಕಂಡುಬಂದಿದೆ. ಶಿಬಿರ ಬಿಟ್ಟ ಕೂಡಲೇ ಅವರಿಗೆ ಉದ್ಯೋಗದಲ್ಲಿ ವಿಶೇಷ ಪ್ರಯೋಜನವಾಗಿರಲಿಲ್ಲ. ಫಲ ಕಂಡದ್ದು ಜೀವಮಾನದ ದೀರ್ಘಾವಧಿಯಲ್ಲಿ.

ಇಲ್ಲೊಂದು ವಿವೇಕವನ್ನು ಮರೆಯಲಾಗದು. ಬರಿಯ ಶ್ರಮದಿಂದ ಆರೋಗ್ಯವಾಗುವುದಾದರೆ ನಮ್ಮ ಕಟ್ಟಡ ಕಾರ್ಮಿಕರು ಎಲ್ಲರಿಗಿಂತ ಆರೋಗ್ಯವಂತರಾಗಿರಬೇಕಿತ್ತು. ದುಡಿಮೆಗೆ ತಕ್ಕ ಆಹಾರ, ವಿಶ್ರಾಂತಿ, ವೈದ್ಯಸಹಾಯ ಮತ್ತು ನಾಳೆಯ ಭರವಸೆ ಜೊತೆಗೂಡಿದಾಗ ಮಾತ್ರ ಶ್ರಮವು ಔಷಧವಾಗುತ್ತದೆ. ಇಲ್ಲದಿದ್ದರೆ ಅದೇ ಶ್ರಮವು ದೇಹವನ್ನು ಸವೆಯಿಸುತ್ತದೆ.

ಕುಂದುಗಳು

ಈ ಯೋಜನೆಯು ನಿಷ್ಕಳಂಕವಾಗಿರಲಿಲ್ಲ. ಜನಾಂಗಭೇದ ಸಲ್ಲದೆಂದು ಶಾಸನವೇ ಹೇಳಿದ್ದರೂ ಕರಿಯ ತರುಣರನ್ನು ಬಹುಮಟ್ಟಿಗೆ ಪ್ರತ್ಯೇಕ ಶಿಬಿರಗಳಲ್ಲಿ ಇಡಲಾಯಿತು. ಸ್ತ್ರೀಯರಿಗೆ ದಳದಲ್ಲಿ ಪ್ರವೇಶವಿರಲಿಲ್ಲ. ಅಪಾಯಗಳೂ ಇದ್ದವು. 1937ರ ಆಗಸ್ಟಿನಲ್ಲಿ ವಯೋಮಿಂಗ್ ರಾಜ್ಯದ ಬ್ಲ್ಯಾಕ್‌ವಾಟರ್ ಕಾಳ್ಗಿಚ್ಚನ್ನು ಆರಿಸಲು ಹೋದ 15 ಮಂದಿ ಪ್ರಾಣ ತೆತ್ತರು. ಅವರಲ್ಲಿ ಹೆಚ್ಚಿನವರು ಈ ದಳದ ತರುಣರು.

ಇಂದಿನ ಪೀಳಿಗೆ

ದಳವು ಅಳಿದರೂ ಆದರ್ಶ ಅಳಿಯಲಿಲ್ಲ. 1976ರಲ್ಲಿ ಗವರ್ನರ್ ಜೆರಿ ಬ್ರೌನ್ ಅವರು ಕ್ಯಾಲಿಫೋರ್ನಿಯದಲ್ಲಿ ರಾಜ್ಯದ್ದೇ ಆದ ಸಂರಕ್ಷಣಾ ದಳವನ್ನು ಸ್ಥಾಪಿಸಿದರು. ಕಷ್ಟದ ಕೆಲಸ, ಕಡಿಮೆ ಸಂಬಳ, ದುರ್ಭರ ಪರಿಸ್ಥಿತಿ ಎಂಬುದನ್ನೇ ಅದು ತನ್ನ ಘೋಷವಾಕ್ಯವನ್ನಾಗಿ ಮಾಡಿಕೊಂಡಿದೆ! ಆದರೂ ತರುಣ ತರುಣಿಯರು ಅದಕ್ಕೆ ಸೇರುತ್ತಾರೆ. ಉದ್ಯಾನಗಳ ಕಾಲುದಾರಿ ಸರಿಪಡಿಸುತ್ತಾರೆ, ಕಾಳ್ಗಿಚ್ಚು ಪ್ರವಾಹಗಳ ಕಾಲದಲ್ಲಿ ಧಾವಿಸುತ್ತಾರೆ.

ನಮ್ಮ ದೇಶದಲ್ಲಿಯೂ ಇದರ ಬಂಧುವೊಂದಿದೆ. 1982ರಲ್ಲಿ ಪ್ರಾದೇಶಿಕ ಸೇನೆಯ ಮೊದಲ ಪರಿಸರ ದಳವು ಸ್ಥಾಪನೆಗೊಂಡು, ಗಣಿಗಾರಿಕೆಯಿಂದ ಬೋಳಾಗಿದ್ದ ಮಸ್ಸೂರಿ ಬೆಟ್ಟಗಳನ್ನು ನಿವೃತ್ತ ಯೋಧರು ಮತ್ತೆ ಹಸಿರಾಗಿಸಿದರು. ದೆಹಲಿಯ ಕನ್ನಡಿಗರಿಗೆ ಹತ್ತಿರದ ಭಟ್ಟಿ ಗಣಿ ಪ್ರದೇಶದಲ್ಲಿಯೂ ಇಂಥದೇ ದಳವು ಕಾಡು ಬೆಳೆಸಿದೆ.

ಮಹಾನಗರದ ಕನ್ನಡಿಗರು ದಳ ಸೇರಲಾರರು. ಆದರೆ ರಜಾದಿನದ ಶ್ರಮದಾನ ಯಾರಿಗೂ ಅಸಾಧ್ಯವಲ್ಲ. ಇಡೀ ವಾರ ಕುರ್ಚಿಯಲ್ಲಿ ಕುಳಿತವರು ಮೊದಲ ದಿನವೇ ಅತಿಯಾಗಿ ಗುದ್ದಲಿ ಹಾಕಬಾರದು. ಭಾರ ಎತ್ತುವಾಗ ಬೆನ್ನು ಬಾಗಿಸದೆ ಮಂಡಿ ಮಡಿಸಬೇಕು. ಬಾಯಾರುವ ಮೊದಲೇ ಆಗಾಗ ನೀರು ಕುಡಿಯಬೇಕು. ತಲೆ ಸುತ್ತಿದರೆ ಕೂಡಲೇ ನೆರಳಿಗೆ ಬರಬೇಕು. ಧನುರ್ವಾಯುವಿನ ಲಸಿಕೆ ಮೊದಲೇ ಆಗಿರಲಿ. ಹೃದ್ರೋಗ, ಮಧುಮೇಹವುಳ್ಳವರು ವೈದ್ಯರ ಸಲಹೆ ಪಡೆಯುವುದು ಕ್ಷೇಮ.

2011ರ ಸೆಪ್ಟೆಂಬರಿನಲ್ಲಿ ಭೀಕರ ಕಾಳ್ಗಿಚ್ಚು ಬ್ಯಾಸ್ಟ್ರಾಪ್ ಉದ್ಯಾನದ ಬಹುಪಾಲನ್ನು ಸುಟ್ಟಿತು. ಅಗ್ನಿಶಾಮಕರ ಸಾಹಸದಿಂದ ಆ ಕಲ್ಲಿನ ಕುಟೀರಗಳು ಉಳಿದವು. ಅನಂತರ ಸಂರಕ್ಷಣಾ ತಂಡಗಳ ತರುಣ ತರುಣಿಯರೂ ಸ್ವಯಂಸೇವಕರೂ ಕೂಡಿ ಕಾಲುದಾರಿಗಳನ್ನು ಸರಿಪಡಿಸಿ, ಸುಟ್ಟ ನೆಲದಲ್ಲಿ ಮತ್ತೆ ಪೈನ್ ಸಸಿಗಳನ್ನು ನೆಟ್ಟರು. ಅಜ್ಜಂದಿರು ಕಟ್ಟಿದ ಸೂರಿನ ಸುತ್ತ ಮೊಮ್ಮಕ್ಕಳ ಕೈ ಮತ್ತೆ ಕೆಸರಾಯಿತು.