ಹಳೆಯ ಕಾರೂ ಮಳೆಯ ನೀರೂ

ಆಷಾಢದ ಒಂದು ಸಂಜೆ. ಜಡಿಮಳೆ ನಿಂತು ಅರ್ಧ ಗಂಟೆಯಾಗಿತ್ತು. ತಂದೆಯವರು ಮನೆಗೆ ಬಿಟ್ಟುಹೋದ 1978ರ ಅಂಬಾಸಡರ್ ಕಾರಿನಲ್ಲಿ ಎಲ್ಲರೂ ದೇವಸ್ಥಾನಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಕುಳಿತು ಪಾದವನ್ನು ಕೆಳಗಿಟ್ಟ ತಾಯಿ ಥಟ್ಟನೆ ಮೇಲಕ್ಕೆಳೆದುಕೊಂಡರು. “ಇದೇನೋ ಇದು, ಕಾರಿನೊಳಗೇ ಕೆರೆ ಕಟ್ಟಿಸಿದ್ದೀಯಲ್ಲ!” ಮಕ್ಕಳು ನಕ್ಕರು; ನಾನೂ ನಕ್ಕೆ.

ಮರುದಿನ ರಬ್ಬರ್ ಮ್ಯಾಟನ್ನೆತ್ತಿ, ಅದರಡಿಯಲ್ಲಿ ನೆಂದು ನಾರುತ್ತಿದ್ದ ಸೆಣಬಿನ ಹಾಸನ್ನು ಸರಿಸಿದಾಗ ಆ ನಗೆ ಉಡುಗಿತು. ನೆಲದ ತಗಡಿನಲ್ಲಿ ಅಂಗೈಯಗಲದ ಕಂದು ಮಚ್ಚೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿದೊಡನೆ ಅದು ಹಪ್ಪಳದಂತೆ ಮುರಿದು, ಕೆಳಗಿನ ನೆಲ ಕಾಣಿಸಿತು. ನನ್ನ ಕಿರಿಯ ಮಗಳು ಮುಂದಿನ ಸೀಟನ್ನು ಹಿಡಿದುಕೊಂಡು ನಿಲ್ಲುತ್ತಿದ್ದ ಜಾಗವೇ ಅದು! ಎರಡು ವರ್ಷಗಳ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಅಲ್ಲಿಗೆ ಪುಟ್ಟಿ ಮೆತ್ತಿ, ಮೇಲೆ ಕಪ್ಪು ಬಣ್ಣ ಬಳಿದು, “ಇನ್ನು ಹತ್ತು ವರ್ಷ ಈ ಕಡೆ ನೋಡಬೇಕಾಗಿಲ್ಲ ಸಾರ್” ಎಂದಿದ್ದರು. ಅವರು ತೂತನ್ನು ಮುಚ್ಚಿದ್ದರು. ನೀರು ಬರುವ ದಾರಿಯನ್ನು ಹುಡುಕಿರಲಿಲ್ಲ.

ಅಂಬಾಸಡರ್ ಕಾರು ಉತ್ತರಪಾಡಾದ ಕಾರ್ಖಾನೆಯಲ್ಲಿ 1957ರಿಂದ 2014ರವರೆಗೆ ತಯಾರಾಯಿತು. ಅದರ ಸಂಗಡಿಗನೆನ್ನಬಹುದಾದ ಪ್ರೀಮಿಯರ್ ಪದ್ಮಿನಿಯೂ ಈಗ ತಯಾರಾಗುತ್ತಿಲ್ಲ. ಆದರೂ ಹಿರಿಯರ ನೆನಪಿಗೆಂದು ಅವನ್ನು ಉಳಿಸಿಕೊಂಡ ಮನೆಗಳು ಇನ್ನೂ ಹಲವಿವೆ. ಅಂಥವರಿಗೆ ಎಂಜಿನ್ನಿಗಿಂತ ಹೆಚ್ಚಿನ ಚಿಂತೆ ತುಕ್ಕಿನದು. ಕೆಟ್ಟ ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು. ಮೈಯೇ ಕರಗಿಹೋದರೆ ಗಾಡಿಯೇ ಇಲ್ಲ.

ತುಕ್ಕು ಎಂದರೇನು?

ಶಾಲೆಯಲ್ಲಿ ಮಾಡಿದ ಪ್ರಯೋಗವೊಂದು ವಾಚಕರಿಗೆ ನೆನಪಿರಬಹುದು. ಮೂರು ಗಾಜಿನ ನಳಿಕೆಗಳಲ್ಲಿ ಮೂರು ಮೊಳೆಗಳು. ಒಂದರಲ್ಲಿ ಒಣಗಾಳಿ, ಇನ್ನೊಂದರಲ್ಲಿ ಕುದಿಸಿ ಮೇಲೆ ಎಣ್ಣೆ ಹೊಯ್ದ ನೀರು, ಮೂರನೆಯದರಲ್ಲಿ ಸಾಮಾನ್ಯ ನೀರು. ತುಕ್ಕು ಹಿಡಿಯುವುದು ಮೂರನೆಯ ಮೊಳೆಗೆ ಮಾತ್ರ. ನೀರು, ಗಾಳಿಯಲ್ಲಿನ ಆಮ್ಲಜನಕ ಇವೆರಡೂ ಕೂಡಿದಲ್ಲದೆ ಕಬ್ಬಿಣ ತುಕ್ಕಾಗದು. ಇವುಗಳ ಜೊತೆಗೆ ಉಪ್ಪೂ ಸೇರಿದರೆ ಕೆಲಸ ಚುರುಕಾಗುತ್ತದೆ. ಕರಾವಳಿಯ ಕಾರುಗಳು ಬೇಗ ಸವೆಯಲು ಇದೇ ಕಾರಣ.

ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆದುದರಿಂದ ಅದು ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸಿ ಒಡೆಯುತ್ತದೆ. ಒಡಕಿನಿಂದ ಮತ್ತಷ್ಟು ನೀರು ಇಳಿಯುತ್ತದೆ. ಕಾರಿನ ಮೈತಗಡಿನ ದಪ್ಪ ಸುಮಾರು ಒಂದು ಮಿಲಿಮೀಟರು. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ರೂಪಾಯಿಯಗಲ ತಿಂದಿರುವುದು ಸಾಮಾನ್ಯ.

ಸೋರುವ ಕಡೆಯೇ ಬೇರೆ, ಕಾಣುವ ಕಡೆಯೇ ಬೇರೆ

ಹಂಚಿನ ಮನೆಯಲ್ಲಿ ಬಾಳಿದವರಿಗೆ ಇದು ಗೊತ್ತು. ಒಡೆದ ಹಂಚು ಮಾಡಿನ ತುದಿಯಲ್ಲಿರುತ್ತದೆ. ನೀರು ರೀಪಿನ ಗುಂಟ ಹರಿದು ಪಡಸಾಲೆಯ ನಡುವೆ ತೊಟ್ಟಿಕ್ಕುತ್ತದೆ. ಕಾರಿನಲ್ಲಿಯೂ ಹಾಗೆಯೇ. ನಮ್ಮ ಕಾರಿನ ಹಿಂಭಾಗದ ನೆಲದಲ್ಲಿ ನಿಂತ ನೀರು ಬಂದದ್ದು ಮುಂದಿನ ಗಾಜಿನ ಮೇಲ್ಮೂಲೆಯಿಂದ!

ಇದನ್ನು ಪತ್ತೆಮಾಡಲು ಇಬ್ಬರು ಬೇಕು. ಮೊದಲು ಮ್ಯಾಟು, ಹಾಸು ಎಲ್ಲವನ್ನೂ ತೆಗೆದು ಒಳಗನ್ನು ಪೂರ್ತಿ ಒಣಗಿಸಬೇಕು. ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತಿರಲಿ. ಇನ್ನೊಬ್ಬರು ಹೊರಗಿನಿಂದ ಕೊಳವೆಯಲ್ಲಿ ಸಣ್ಣಗೆ ನೀರು ಬಿಡಲಿ. ಕೆಳಗಿನಿಂದ ಆರಂಭಿಸಿ, ಒಂದೊಂದು ಹಂತದಲ್ಲಿಯೂ ಐದು ನಿಮಿಷ ಕಾದು ಮೇಲಕ್ಕೆ ಸಾಗಬೇಕು. ಒಮ್ಮೆಲೇ ಚಾವಣಿಗೆ ಸುರಿದರೆ ಯಾವ ಸಂದಿನಿಂದ ಬಂದಿತೆಂದು ತಿಳಿಯದು. ಒಳಗಿನ ಸಂದುಗಳಿಗೆ ಮೊದಲೇ ಮುಖದ ಪೌಡರನ್ನು ಉದುರಿಸಿದ್ದರೆ ನೀರು ಬಂದ ದಾರಿ ಗೆರೆ ಎಳೆದಂತೆ ಕಾಣುತ್ತದೆ.

ಬಾಗಿಲಿನ ಅಂಚಿನ ರಬ್ಬರನ್ನು ಪರೀಕ್ಷಿಸಲು ಒಂದು ಕಾಗದದ ಪಟ್ಟಿ ಸಾಕು. ಅದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಬಂದರೆ ರಬ್ಬರು ಮುದಿಯಾಗಿದೆಯೆಂದು ಅರ್ಥ.

ಪೆಡಲುಗಳ ಬಳಿಯ ತೇವವನ್ನು ಮುಟ್ಟಿದಾಗ ಜಿಡ್ಡೆನಿಸಿದರೆ ಅದು ಮಳೆನೀರಲ್ಲ, ಬ್ರೇಕ್ ಎಣ್ಣೆಯಿರಬಹುದು. ಆಗ ಗಾಡಿಯನ್ನು ಹೊರಡಿಸದೆ ಮೆಕ್ಯಾನಿಕ್ಕನನ್ನು ಕರೆಸಬೇಕು.

ಗಾಜಿನ ಸುತ್ತಲ ಬೀಡಿಂಗ್ ಬಿರುಕುಬಿಟ್ಟಿದ್ದರೆ ಹೊಸದನ್ನೇ ಹಾಕಿಸುವುದು ಮೇಲು. ರಬ್ಬರು ಮೆತ್ತಗಿದ್ದು ಸಂದು ಮಾತ್ರ ಬಿಟ್ಟಿದ್ದರೆ, ತುಟಿಯನ್ನು ಮರದ ಕಡ್ಡಿಯಿಂದ ಮೆಲ್ಲಗೆ ಎತ್ತಿ, ಒಳಗಿನ ಕೊಳೆಯನ್ನು ತೆಗೆದು, ಒಣಗಿಸಿ, ಗಟ್ಟಿಯಾಗದೆ ಮೆದುವಾಗಿಯೇ ಉಳಿಯುವ ವಿಂಡ್‌ಸ್ಕ್ರೀನ್ ಅಂಟನ್ನು ತುಂಬಬಹುದು. ಬಚ್ಚಲುಮನೆಗೆ ಬಳಸುವ, ಹುಳಿ ವಾಸನೆಯ ಸಿಲಿಕೋನ್ ಅಂಟು ಮಾತ್ರ ಬೇಡ. ಆ ವಾಸನೆ ಅದರಿಂದ ಹೊರಡುವ ಅಸಿಟಿಕ್ ಆಮ್ಲದ್ದು; ಬರಿಯ ತಗಡಿಗೆ ಅದೇ ಹೊಸ ತುಕ್ಕನ್ನು ತರುತ್ತದೆ.

ನೀರಿಗೆ ದಾರಿ ಬಿಡಿ

ಇನ್ನೊಂದು ಸಂಗತಿ ಅನೇಕರಿಗೆ ಆಶ್ಚರ್ಯವೆನಿಸೀತು. ಕಾರಿನ ಬಾಗಿಲೊಳಕ್ಕೆ ನೀರು ಇಳಿಯುವುದು ದೋಷವಲ್ಲ! ಏರಿಳಿಯುವ ಗಾಜಿನ ಬದಿಯಿಂದ ಮಳೆನೀರು ಒಳಗೆ ಸ್ವಲ್ಪ ಇಳಿದೇ ಇಳಿಯುತ್ತದೆ. ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಎಲೆ, ಧೂಳು, ಹಳೆಯ ಬಣ್ಣ ಇವುಗಳಿಂದ ತೂತು ಕಟ್ಟಿಕೊಂಡರೆ ಬಾಗಿಲು ನೀರಿನ ತೊಟ್ಟಿಯಾಗಿ, ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ಸೋರಿಕೆ ನಿಲ್ಲಿಸುವ ಉತ್ಸಾಹದಲ್ಲಿ ಈ ತೂತುಗಳನ್ನೇ ಮುಚ್ಚಿಬಿಡುವವರೂ ಉಂಟು. ಬಾಗಿಲಿನ ತಳ, ಬಾಗಿಲ ಕೆಳಗಿನ ಉದ್ದ ಪಟ್ಟಿ, ಡಿಕ್ಕಿಯ ಮೂಲೆ, ಇಲ್ಲೆಲ್ಲ ಮಳೆಗಾಲಕ್ಕೆ ಮೊದಲು ತೆಂಗಿನ ಕಡ್ಡಿಯಾಡಿಸಿ ತೂತುಗಳನ್ನು ಬಿಡಿಸಿಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ.

ಮನೆಯಲ್ಲಿ ಮಾಡಬಹುದಾದ ಕೆಲಸ

ಸೋರಿಕೆ ನಿಂತ ಮೇಲೆಯೇ ತುಕ್ಕಿನ ಚಿಕಿತ್ಸೆ. ಮನೆಯಲ್ಲಿ ಹಪ್ಪಳ ಸಂಡಿಗೆ ಇಡುವ ಕಾಲವೇ ಇದಕ್ಕೂ ತಕ್ಕ ಕಾಲ. ಗಾಳಿಯಲ್ಲಿ ತೇವವಿದ್ದರೆ ಉಜ್ಜಿ ಬೆಳಗಿಸಿದ ತಗಡು ಸಂಜೆಯೊಳಗೆ ಮತ್ತೆ ಕೆಂಪಗಾಗುತ್ತದೆ.

ಮೊದಲು ಬ್ಯಾಟರಿಯ ತಂತಿಯನ್ನು ಕಳಚಿಡಿ. ತಂತಿ ಬ್ರಷ್ಷು, ಎಮರಿ ಕಾಗದಗಳಿಂದ ತುಕ್ಕನ್ನು ಕೆರೆದು, ಸುತ್ತಲ ಒಳ್ಳೆಯ ಬಣ್ಣದ ಕಡೆಗೂ ಒಂದೆರಡು ಅಂಗುಲ ಸಾಗಿ ಹೊಳೆಯುವ ಲೋಹವನ್ನು ಕಾಣಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ನೀರು ಹಚ್ಚಿಯೇ ಉಜ್ಜಿ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳನ್ನು ದೂರವಿಡಿ.

ಗುಳಿಗಳಲ್ಲಿ ಉಳಿದ ತುಕ್ಕಿಗೆ ಅಂಗಡಿಯಲ್ಲಿ ದೊರೆಯುವ ತುಕ್ಕು ಮಾರ್ಪಡಿಸುವ ದ್ರಾವಣವನ್ನು ಹಚ್ಚಬೇಕು. ಇವುಗಳಲ್ಲಿ ಕೆಲವದರಲ್ಲಿ ಫಾಸ್ಫರಿಕ್ ಆಮ್ಲವೂ ಕೆಲವದರಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯವೂ ಇರುತ್ತವೆ. ಟ್ಯಾನಿನ್ ನಮಗೆ ಹೊಸದಲ್ಲ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣವನ್ನು ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ತುಕ್ಕಿನ ಮೇಲೆಯೂ ಅಂಥದೇ ಕಪ್ಪು ಪೊರೆ ಕಟ್ಟುತ್ತದೆ. ಫಾಸ್ಫರಿಕ್ ಆಮ್ಲವಾದರೋ ಕಬ್ಬಿಣದೊಡನೆ ಸೇರಿ ಫಾಸ್ಫೇಟ್ ಪೊರೆಯನ್ನುಂಟುಮಾಡುತ್ತದೆ. ದಿಲ್ಲಿಯ ಮೆಹ್ರೋಲಿಯ ಕಬ್ಬಿಣದ ಸ್ತಂಭವು ಸುಮಾರು 1,600 ವರ್ಷ ಕಳೆದರೂ ನಶಿಸದಿರಲು ಅದರಲ್ಲಿನ ಹೆಚ್ಚಿನ ರಂಜಕದಿಂದ ಮೂಡಿದ ಇಂಥದೇ ಪೊರೆ ಒಂದು ಮುಖ್ಯ ಕಾರಣವೆಂದು ಲೋಹಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ.

ದ್ರಾವಣ ಒಣಗಿದ ಮೇಲೆ, ಡಬ್ಬಿಯ ಮೇಲಿನ ಸೂಚನೆಯಂತೆ ನಡೆದು, ತಡಮಾಡದೆ ಪ್ರೈಮರ್ ಬಳಿಯಬೇಕು. ಅನಂತರವೇ ಪುಟ್ಟಿ, ಅದೂ ಗಟ್ಟಿ ತಗಡಿನ ಮೇಲಣ ತಗ್ಗನ್ನು ತುಂಬಲು ಮಾತ್ರ. ಪುಟ್ಟಿ ನೀರನ್ನು ಹೀರುವ ಸ್ವಭಾವದ್ದು. ತೂತಿನ ಮೇಲೆ ಅದನ್ನು ಮೆತ್ತುವುದು ಹುಣ್ಣಿಗೆ ಒದ್ದೆ ಬಟ್ಟೆ ಕಟ್ಟಿದಂತೆ. ಕೊನೆಗೆ ಬಣ್ಣ, ಕೈಯಾಡದ ಟೊಳ್ಳುಗಳೊಳಕ್ಕೆ ನಳಿಕೆಯಿಂದ ಸಿಂಪಡಿಸುವ ಮೇಣ. ಸಿಂಪಡಿಸಿದ ಮೇಲೆ ನೀರಿನ ತೂತುಗಳು ತೆರೆದಿವೆಯೇ ಎಂದು ಮತ್ತೊಮ್ಮೆ ನೋಡಿ.

ಎಲ್ಲಿ ನಿಲ್ಲಬೇಕು?

ಮನೆಯ ಕೆಲಸಕ್ಕೆ ಒಂದು ಎಲ್ಲೆಯಿದೆ. ಲಾರಿ, ಜೀಪುಗಳಿಗಿರುವಂತೆ ಅಂಬಾಸಡರಿಗೆ ಬೇರೆ ಚಾಸಿ ಇಲ್ಲ. ಮೈಯೇ ಅದರ ಬೆನ್ನೆಲುಬು. ಬಾಗಿಲ ಕೆಳಗಿನ ಪಟ್ಟಿ, ಜಾಕಿ ಕೊಡುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗುಗಳು ಕೂಡುವ ಮೂಲೆ, ಸೀಟು ಮತ್ತು ಸೀಟ್‌ಬೆಲ್ಟು ಬಿಗಿದಿರುವ ನೆಲ, ಇವುಗಳಲ್ಲಿ ತೂತು ಬಿದ್ದಿದ್ದರೆ ಅದು ಅಂದಚೆಂದದ ಮಾತಲ್ಲ, ಪ್ರಾಣದ ಮಾತು. ಕೊಳೆತ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆಯುವುದೇ ಇದಕ್ಕೆ ಮದ್ದು; ಅದು ನುರಿತ ಟಿಂಕರಿಂಗ್ ಕೆಲಸಗಾರನದು. ಪೆಟ್ರೋಲು ಟ್ಯಾಂಕಿನ ಸಮೀಪ ಬೆಂಕಿಯ ಕೆಲಸ ಕೂಡದು. ಖಾಲಿ ಟ್ಯಾಂಕಿನ ಆವಿಯೂ ಸಿಡಿಯಬಲ್ಲದು. ಜಾಕಿಯೊಂದನ್ನೇ ನಂಬಿ ಕಾರಿನಡಿಗೆ ನುಸುಳುವುದೂ ಕೂಡದು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಬಳಿಕ ತಪಾಸಣೆಯ ಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಮೇಲಿನ ಹೊಳಪು ತಪಾಸಣೆಗಾರರ ಕಣ್ಣನ್ನು ಮರೆಸಿದರೂ ಮರೆಸೀತು, ತಗಡನ್ನು ಮರೆಸಲಾರದು.

ನಮ್ಮ ಕಾರಿನ ನೆಲಕ್ಕೆ ಈಗ ಹೊಸ ತಗಡು ಬಂದಿದೆ. ಅದನ್ನು ಬೆಸೆದ ವೃದ್ಧ ಕೆಲಸಗಾರರು ಕೆಲಸ ಮುಗಿಸಿ ಹೇಳಿದ್ದು ಒಂದೇ ಮಾತು: “ತುಕ್ಕು ಬಂದ ಮೇಲೆ ನನ್ನನ್ನು ಕರೀಬೇಡಿ ಸ್ವಾಮಿ, ನೀರು ಬಂದಾಗಲೇ ನೀವು ನೋಡ್ಕೊಳ್ಳಿ.” ಮೊನ್ನೆ ಮತ್ತೆ ಜೋರು ಮಳೆ ಬಂತು. ಮಳೆ ನಿಂತೊಡನೆ ಮಗಳು ಓಡಿಹೋಗಿ ಹಾಸನ್ನೆತ್ತಿ ಅಂಗೈ ಒತ್ತಿ ನೋಡಿದಳು. ಒಣಗಿತ್ತು. ತಾಯಿಯವರು ಈ ಬಾರಿ ನಿಶ್ಚಿಂತೆಯಾಗಿ ಕಾಲು ಕೆಳಗಿಟ್ಟು ಕುಳಿತರು.